ದೇವರ ಗೂಟದ ಮಣಿಸರ

ದಾಂಡೇಲಿಯ ಕಾಗದದ ಗಿರಣಿಯ ಕೆಲಸಗಾರರ ಚಾಳಿಗೆ ಬರುತ್ತಿದ್ದ ನರ್ಸಬಾಯಿಯ ಚೀಲದಲ್ಲಿ ಔಷಧಿಗಿಂತ ಮಣಿಸರಗಳೇ ಹೆಚ್ಚು. ಕೊಡೆಯ ತುದಿಯಿಂದ ಗಂಡಂದಿರನ್ನು ಅಂಗಳಕ್ಕೆ ಅಟ್ಟಿ, ಬಾಗಿಲು ಮುಂದೆ ಮಾಡಿಕೊಂಡು ನಮಗೆ ಬಸಿರು ತಡೆಯುವ ಪಾಠ ಹೇಳುತ್ತಿದ್ದಳು. ಮುಟ್ಟಾದ ದಿನದಿಂದ ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಗಂಡಹೆಂಡಿರು ಕೂಡಬಹುದು, ಕೆಂಪು ಬಂದರೆ ದೂರ. ಕೊನೆಗೆ ಯಾವಾಗಲೂ ಅದೇ ಮಾತು: "ಮಣಿ ತಪ್ಪೂದಿಲ್ಲ ತಂಗಿ, ಮಂದಿ ತಪ್ತಾರ."

ನಮ್ಮದು ಒಂದೇ ಕೋಣೆ. ಮೂರು ಮಕ್ಕಳು ಮಲಗಿದರೆ ನನ್ನ ಗಂಡನಿಗೆ ಕಾಲು ಚಾಚಲು ಜಾಗವಿರಲಿಲ್ಲ. ಹಾಗಾಗಿ ಸರವನ್ನು ಭಕ್ತಿಯಿಂದಲೇ ಇಸಿದುಕೊಂಡೆ, ತಪ್ಪದೆ ಸರಿಸಿದೆ. ಆದರೂ ನಾಲ್ಕನೆಯದು ಹೊಟ್ಟೆಯಲ್ಲಿ ನಿಂತಿತು.

ನರ್ಸಬಾಯಿ ಕಣ್ಣು ಕಿರಿದು ಮಾಡಿ, "ಸರ ಎಲ್ಲಿಟ್ಟೀದಿ?" ಎಂದಳು.

"ದೇವರ ಗೂಟಕ್ಕ ಹಾಕೇನ್ರೀ, ಬಾಯಾರ."

"ಮುಟ್ಟಾದಾಗ?"

"ಆವಾಗ ದೇವರ ಹತ್ರ ಹೆಂಗ ಹೋಗೂದ್ರೀ? ಐದನೇ ದಿನ ತಲಿಮ್ಯಾಲೆ ನೀರು ಹಾಕ್ಕೊಂಡು ಮೊದಲನೇ ಮಣಿ ಸರಸ್ತಿದ್ದೆ."

ಪ್ರತಿ ತಿಂಗಳೂ ನಾಲ್ಕು ದಿನ ಲೆಕ್ಕದಿಂದ ಜಾರಿಹೋಗಿದ್ದವು; ಕೆಂಪು ಬರಬೇಕಾದ ದಿನ ನನ್ನ ಕೈಗೆ ಹಸಿರು ಬರುತ್ತಿತ್ತು. ಆಕೆ ಬೈಯಲಿಲ್ಲ. ಕೊಡೆ ಊರಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂದವಳು ಹೊಸ ಸರವೊಂದನ್ನು ತಾನೇ ಬಚ್ಚಲಿನ ಮೊಳೆಗೆ ಸಿಕ್ಕಿಸಿದಳು. "ಇಲ್ಲಿ ಬರಾಕ ನಿನಗ ಯಾವ ದಿನಾನೂ ಅಡ್ಡಿ ಇಲ್ಲ."

ಆಮೇಲೆ ದೇವರ ಗೂಟದ ಹಳೆಯ ಸರವನ್ನು ಇಳಿಸಿ, ಅದಕ್ಕೆ ಹತ್ತಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿ, ತೊಟ್ಟಿಲಿಗೆ ಕಟ್ಟಿದಳು.

"ನಾಲ್ಕು ದಿನಾ ದೇವರಿಗೆ ಬಿಟ್ಟಿದ್ದಿ, ತಂಗಿ. ಅಂವ ತಿರುಗಿ ಕೊಟ್ಟಾನ ನೋಡು."