ಹರಳಿನ ಪದಕದ ಹಿಂಬದಿ

ಗೆಳೆಯರೇ, ಈಗಷ್ಟೇ ಸದಾಶಿವನಗರದಿಂದ ಬಂದೆ, ತಲೆ ಇನ್ನೂ ಬಿಸಿಯಾಗಿದೆ. ಹಿಂದೆ ರಾಜರು ಯೋಧರಿಗೆ ಕೊಡುತ್ತಿದ್ದ, ಕೆಂಪು ಹರಳು ಕೂರಿಸಿದ ಪದಕಗಳನ್ನು ಅಲ್ಲಿ ನನ್ನ ಪರಿಚಯದವರೊಬ್ಬರು ಸಂಗ್ರಹಿಸಿದ್ದಾರೆ. ಅವನ್ನು ತೋರಿಸಲು, ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದ ನಮ್ಮ ಗುಬ್ಬಿ ಮಾವನನ್ನು ಕರೆದೊಯ್ದಿದ್ದೆ.

ಮಾವ ಹರಳು ನೋಡಲಿಲ್ಲ, ಪದಕ ತಿರುಗಿಸಿದರು. "ಹಿಂದ್ಗಡೆ ಸಿಪಾಯಿ ಹೆಸ್ರು ಇರ್ಬೇಕಲ್ಲ ಸಾರ್?"

"ಇತ್ತು, ಯಾರ್ದೋ. ಉಜ್ಜಿಸಿಬಿಟ್ಟು, ಪಾತ್ರೆ ಅಂಗಡೀಲಿ ನನ್ನ ಹೆಸ್ರು ಹಾಕ್ಸಿದೀನಿ. ತಟ್ಟೆ ಲೋಟಕ್ಕೆಲ್ಲಾ ಹಾಕ್ಸಲ್ವಾ, ಹಂಗೆ. ಅದ್ಲುಬದ್ಲಾಗಲ್ಲ ನೋಡಿ."

ಮಾವ ಎದ್ದು ನಿಂತು ಅವರಿಗೇ ಸೆಲ್ಯೂಟ್ ಹೊಡೆದರು. "ಯಾವ ಯುದ್ಧ ಸಾರ್ ತಾವು ಮಾಡಿದ್ದು?"

ಅವರು ಹೊಗಳಿಕೆಯೆಂದುಕೊಂಡು ನಾಚಿದರು, ಕಾಫಿ ತರಿಸಿದರು. ಲೋಟದ ಮೇಲೂ ಅದೇ ಹೆಸರು. ಒಂದು ಕೆಂಪು ಹರಳು ಕೂರಿಸಿದ್ದರೆ ಅದನ್ನೂ ಎದೆಗೆ ಚುಚ್ಚಿಕೊಳ್ಳಬಹುದಿತ್ತು.