ಕಪ್ಪು ಎಂಜಿನ್ನಿನ ಕೆಮ್ಮು
ಪುಟಾಣಿ ಮಾದರಿ ರೈಲುಗಳನ್ನು ರಿಪೇರಿ ಮಾಡುವ ಆ ಮುದುಕನನ್ನು ಬೀದಿಯವರೆಲ್ಲ ಎಂಜಿನ್ ಡಾಕ್ಟರು ಎಂದೇ ಕರೆಯುತ್ತಿದ್ದರು. ಅಂಗೈಯಗಲದ ಎಂಜಿನ್ನನ್ನು ಕಣ್ಣಿಗಿಂತ ಮೊದಲು ಕಿವಿಗೆ ಹಿಡಿಯುವುದು ಅವನ ಕ್ರಮ. ಗಿಯರು ಕಿರುಗುಟ್ಟಿದರೆ "ಪಾಪ, ಹಲ್ಲುನೋವು" ಎನ್ನುವನು, ಜೋಡಿ ಎಂಜಿನ್‌ಗಳು ವೇಗ ಹೊಂದಿಕೆಯಾಗದೆ ಎಳೆದಾಡಿದರೆ "ಮದುವೆಯಾಗಿ ಎಷ್ಟು ದಿನ ಆಯ್ತು ಇವಕ್ಕೆ?" ಎಂದು ನಗುವನು. ಸದ್ದಡಗಿಸದೆ ಯಾವುದನ್ನೂ ವಾಪಸು ಕೊಟ್ಟವನೇ ಅಲ್ಲ. ಒಂದು ಮಧ್ಯಾಹ್ನ ಹೆಂಗಸೊಬ್ಬಳು ಅಂಥದೇ ಜೋಡಿ ತಂದಳು. "ಕಪ್ಪು ನಮ್ಮ ಯಜಮಾನರದು, ಕೆಂಪು ನಂದು. ಅವರು ಹೋದಮೇಲೆ ಕಪ್ಪು ಒಂದೇ ಸಮ ಸದ್ದು ಮಾಡುತ್ತೆ, ಹಿಂದೆ ಬೀಳುತ್ತೆ." ಅವನು ಕಪ್ಪು ಎಂಜಿನ್ನನ್ನು ಬಿಚ್ಚಿ ಗಿಯರು ತೊಳೆದ, ಎಣ್ಣೆ ಬಿಟ್ಟ, ಕೊನೆಗೆ ಮೋಟಾರನ್ನೇ ಹೊರತೆಗೆದಿಟ್ಟ. ಮೇಜಿನ ಮೇಲಿನ ಆ ಖಾಲಿ ಕವಚ ಆಗಲೂ ಎರಡು ಸಲ ಗೊರಗುಟ್ಟಿ, ತಡೆದು, ಮತ್ತೊಮ್ಮೆ ಗೊರಗುಟ್ಟಿತು. ಅವನು ಕವಚವನ್ನು ಕಿವಿಗೆ ಹಿಡಿದು ಇನ್ನೊಮ್ಮೆ ಕೇಳಿಸಿಕೊಂಡ. "ಯಜಮಾನರಿಗೆ ಕೆಮ್ಮಿತ್ತೇನಮ್ಮ?" "ಕೊನೇವರೆಗೂ ಇತ್ತು." ಅವನು ಮೋಟಾರನ್ನು ಮೆಲ್ಲಗೆ ಒಳಗಿಟ್ಟು ಮುಚ್ಚಿದ. "ಅವರದನ್ನ ಮುಟ್ಟೋದು ಬೇಡ. ನಿಮ್ಮದನ್ನೇ ಸ್ವಲ್ಪ ನಿಧಾನ ಮಾಡ್ತೀನಿ, ಎರಡೂ ಜೊತೇಲಿ ಹೋಗ್ತವೆ" ಎಂದ. ಅವಳಿಗೆ ಒಂದಿಷ್ಟೂ ಅಚ್ಚರಿಯಾಗಲಿಲ್ಲ. "ಹಾಗೇ ಮಾಡಿ. ಅವರಿಗೆ ಈಗ ಬೇಗ ನಡೆಯೋಕಾಗಲ್ಲ" ಎಂದಳು.