ಬಸಳೆ ಚಪ್ಪರದ ತಂಗೂಸಿ

ನಮ್ಮ ಹಿತ್ತಲಿನ ಬಸಳೆ ಚಪ್ಪರವನ್ನು ನೀವೊಮ್ಮೆ ಬಂದು ನೋಡಬೇಕು. ಬಳ್ಳಿಯಲ್ಲಿ ವಿಶೇಷವೇನಿಲ್ಲ, ವಿಶೇಷವಿರುವುದು ಅದನ್ನು ಎತ್ತಿ ಕಟ್ಟಿದ ದಾರದಲ್ಲಿ. ಹತ್ತು ಕಿಲೋದ ಮೀನು ನೀರಿನಡಿಯಲ್ಲಿ ಹಟಕ್ಕೆ ಬಿದ್ದು ಎಳೆದರೂ ತುಂಡಾಗದೆಂದು ಅಂಗಡಿಯವನು ಆಣೆಯಿಟ್ಟು ಕೊಟ್ಟ ತಂಗೂಸಿ ಅದು, ನೈಲಾನಿನ ಗಾಳದ ದಾರ. ಲೋಕದಲ್ಲಿ ಯೋಗ್ಯತೆಗೂ ಸಿಗುವ ಉದ್ಯೋಗಕ್ಕೂ ಇರುವ ನಂಟನ್ನು ನೆನೆಯುತ್ತ ನಾನು ದಿನವೂ ಅದರ ಕೆಳಗೆ ನಿಂತು ಹಲ್ಲುಜ್ಜುತ್ತೇನೆ.

ಹೊನ್ನಾವರದಲ್ಲಿ, ಅದೂ ಮೀನುಗಾರರ ಮನೆಯಲ್ಲಿ ಹುಟ್ಟಿ, ಅರವತ್ತು ದಾಟಿದರೂ ಒಂದೇ ಒಂದು ಮೀನನ್ನು ಸ್ವಂತ ಕೈಯಿಂದ ಹಿಡಿಯದವನು ನಾನೊಬ್ಬನೇ ಇರಬೇಕು. ಹದಿನಾಲ್ಕರ ವಯಸ್ಸಿನಲ್ಲಿ ಅಪ್ಪ ದೋಣಿಗೆ ಹತ್ತಿಸಿಕೊಂಡು ಹೋದರು. ಅಳಿವೆ ದಾಟುವ ಮೊದಲೇ ನಾನು ಹೊಟ್ಟೆಯಲ್ಲಿದ್ದುದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ ದೋಣಿಯ ತಳದಲ್ಲಿ ಮಲಗಿದ್ದೆ. ಅಪ್ಪ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಆಗ ಅಕ್ಕ, "ತಮ ಓದೂಕೆ ಹೋಗ್ಲಿ ಬಿಡಿ, ಮೀನು ನಾ ನೋಡ್ಕಂತೆ" ಎಂದು ಬುಟ್ಟಿ ತಲೆಗೇರಿಸಿಕೊಂಡು ಪೇಟೆಗೆ ನಡೆದಳು. ನಾನು ಓದಿ ಗುಮಾಸ್ತನಾದೆ. ಅವಳು ಇಂದಿಗೂ ಮೀನು ಪೇಟೆಯ ಅದೇ ಮೂಲೆಯಲ್ಲಿ ಕೂರುತ್ತಾಳೆ. ಐವತ್ತು ವರ್ಷ ಅವಳು ಕೊಟ್ಟ ಮೀನು ತಿಂದವನಿಗೆ, ನಿವೃತ್ತಿಯಾದ ಮೇಲೆ ಒಂದೇ ಆಸೆ ಉಳಿಯಿತು: ನಾನೇ ಹಿಡಿದ ಒಂದು ಮೀನನ್ನು ಅವಳ ಮುಂದಿಡಬೇಕು.

ಸಮುದ್ರಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಹಾಗಾಗಿ ಅಲುಗದ ನೀರನ್ನು ಹುಡುಕಿ, ಗೇರುಸೊಪ್ಪದ ಹಿನ್ನೀರಿನ ಗೆಂಡೆ ಮೀನನ್ನು ಆರಿಸಿಕೊಂಡೆ. ಅಕ್ಕನಿಗೆ ಹೇಳಿದರೆ ಬಂಗಡೆಯ ಮೇಲಿಂದ ಕಣ್ಣೆತ್ತದೆ, "ಸಮುದ್ರ ಮನೆ ಬಾಗಿಲಲ್ಲಿ ಇಟ್ಕಂಡು ಕೆಸರು ನಾರೂ ಮೀನಿಗೆ ಬಸ್ಸು ಹತ್ತಿ ಹೋಗ್ತ್ಯಾ? ಎಂತಾ ಮಳ್ಳು ನಿಂಗೆ" ಎಂದಳು.

ಮೊದಲು ದಾರದ ಪ್ರಶ್ನೆ. ದಪ್ಪಗಿದ್ದರೆ ಮೀನಿಗೆ ಕಾಣುತ್ತದೆ, ಸಪೂರವಾದರೆ ಕಡಿಯುತ್ತದೆ. ಬಿಳಿಯದು ಬಿಸಿಲಿಗೆ ಹೊಳೆಯುತ್ತದೆ, ಹಸಿರಿನದು ಹಸಿರು ನೀರಿನಲ್ಲಿ ಮಾತ್ರ ಮರೆಯಾಗುತ್ತದೆ. ಫೋನಿನಲ್ಲಿ ಕಂಡಕಂಡ ಪಂಡಿತರ ಉಪದೇಶ ಕೇಳುತ್ತ ಮೂರು ವಾರ ಕಳೆದೆ. ನನಗೆ ಹೆಣ್ಣು ನೋಡಲು ಹಿಡಿದದ್ದು ಅರ್ಧ ದಿನ ಎಂಬುದನ್ನು ಹೆಂಡತಿ ನೆನಪಿಸಿದಳು. ಕೊನೆಗೆ ಪೇಟೆಯ ಬಲೆ ಅಂಗಡಿಯವನು, "ಕಾಕಾ, ಮೀನು ದಾರ ನೋಡಿ ಬರೂದಲ್ಲ" ಎಂದು ಮಣ್ಣಿನ ಬಣ್ಣದ ತಂಗೂಸಿಯ ಒಂದು ಉಂಡೆಯನ್ನು ಕೈಗೆ ತುರುಕಿ ಕಳಿಸಿದ.

ಅವನ ಮಾತು ನಿಜ. ಗೆಂಡೆ ಬರುವುದು ಅಭ್ಯಾಸಬಲದಿಂದ. ಒಂದು ಜಾಗ ನಿಶ್ಚಯಿಸಿ, ಗಾಳವಿಲ್ಲದೆ ಏಳೆಂಟು ದಿನ ಅಲ್ಲಿಯೇ ಮೇವೆಸೆಯಬೇಕು. ಉಂಡ ಜಾಗಕ್ಕೆ ಅದು ಮತ್ತೆ ಬರುತ್ತದೆ, ಆಮೇಲೆ ಗಾಳ. ಈ ವಿದ್ಯೆ ನನಗೆ ಹೊಸದಾಗಿರಲಿಲ್ಲ. ನಾನು ಕೂತಿದ್ದ ಕಚೇರಿಗೆ (ಹೆಸರು ಬೇಡ) ಬಲ್ಲವರು ಮೊದಲ ವಾರ ಬಾಳೆಗೊನೆ ತರುತ್ತಿದ್ದರು, ಮರುವಾರ ಜೋನಿಬೆಲ್ಲ, ಮೂರನೆಯ ವಾರ ಅರ್ಜಿ. ಅಷ್ಟರಲ್ಲಿ ನಮ್ಮ ಬಾಯಿ ತಾನೇ ತೆರೆದಿರುತ್ತಿತ್ತು. ಮೀನಿನ ಮನಸ್ಸನ್ನು ಒಳಗಿನಿಂದ ಬಲ್ಲವನೆಂಬ ಧೈರ್ಯದಲ್ಲಿ ತೌಡು, ಶೇಂಗಾ ಹಿಂಡಿ, ಬೆಲ್ಲ ಕಲಸಿ ಉಂಡೆ ಕಟ್ಟಿದೆ.

ದಿನವೂ ಮೊದಲ ಬಸ್ಸಿಗೆ ಹೋಗಿ, ಒಂದು ಹೊನ್ನೆಮರದ ಬುಡದಲ್ಲಿ ಕೆಸರು ಜಾರುತ್ತದೆಂದು ಚಪ್ಪಲಿ ಬಿಟ್ಟು, ನೀರು ಇರುವುದೇ ಆ ದಿಕ್ಕಿಗಾದ್ದರಿಂದ ಮೂಡಣಕ್ಕೆ ಮುಖ ಮಾಡಿ ನಿಂತು, ಮೀನು ಬೆದರಬಾರದೆಂದು ತುಟಿ ಬಿಚ್ಚದೆ ಉಂಡೆ ಬಿಡುತ್ತಿದ್ದೆ. ಇದನ್ನೆಲ್ಲ ದೂರದಿಂದ ಒಬ್ಬಳು ನೋಡುತ್ತಿದ್ದಳು: ಹುಲ್ಲು ಕೊಯ್ಯಲು ಬರುವ ಮಾದೇವಿ. ಘಟ್ಟದ ಮೇಲಿನ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿ ಹರಕೆ ತೀರಿಸುವುದನ್ನು ಕಂಡ ಹೆಂಗಸು. ಏಳನೆಯ ದಿನ ಹುಲ್ಲಿನ ಹೊರೆ ಇಳಿಸಿ ಹತ್ತಿರ ಬಂದು, "ಯಾರ ಹೆಸರಲ್ಲಿ ಹರಕೆ ಅಣ್ಣಾ?" ಎಂದು ಕೇಳಿದಳು. ಗಾಳ ಹಾಕಲು ಎನ್ನಬೇಕಿತ್ತು. ಅವಳು ಆಗಲೇ ನೀರಿಗೆ ಕೈ ಮುಗಿದಾಗಿತ್ತು. "ಅಕ್ಕನ ಸಲುವಾಗಿ" ಎಂದೆ. ಸುಳ್ಳಂತೂ ಅಲ್ಲ.

ಎಂಟನೆಯ ದಿನ ಗಾಳದ ಕೋಲು ಹಿಡಿದು ಹೋದರೆ, ಮಾದೇವಿ ನನಗಿಂತ ಮೊದಲೇ ಮರದ ಬುಡದಲ್ಲಿ ಮಂಡಕ್ಕಿಯ ಚೀಲ ಹಿಡಿದು ಕೂತಿದ್ದಳು. ಕೋಲನ್ನು ಪೊದೆಗೆ ನೂಕಿದೆ. "ಮಗಳ್ನ ಹೆರಿಗೆಗೆ ಸೇರ್ಸಿದ್ವು. ಡಾಕ್ಟರು ಕಷ್ಟ ಅಂದ್ರು," ಎಂದಳು ಅವಳು. "ನೀವು ಮೊದ್ಲು ಹಾಕಿ. ನಿಮ್ಮ ಗುರ್ತ ಅವ್ಕೆ ಇದೆ." ಉಂಡೆ ಬಿಟ್ಟೆ. ಗೆಂಡೆಗಳು ಬಂದವು, ಒಂದೊಂದೂ ಮೊಣಕೈಯಷ್ಟು ಉದ್ದ, ಬಾಯಿ ತೆರೆದುಕೊಂಡು, ನಮ್ಮ ಕಚೇರಿಯ ಹಾಗೆ. ಮಾದೇವಿ ಅಳುತ್ತಿದ್ದಳು. ಆ ಹೊತ್ತಿಗೆ ನನಗೆ ಕೋಲು ನೆನಪಾಗಲಿಲ್ಲವೆಂದರೆ ನೀವು ನಂಬಬೇಡಿ. ನೆನಪಾಯಿತು, ಮುಟ್ಟಲು ನಾಚಿಕೆಯಾಯಿತು.

ಮಗಳು ಸುಖವಾಗಿ ಹೆತ್ತಳು. ಮರುವಾರ ಮರದ ಬುಡದಲ್ಲಿ ಆರು ಜನ. ಅದರ ಮರುವಾರ ಬುಡಕ್ಕೆ ಕುಂಕುಮ. ಮೂರು ವಾರದಲ್ಲಿ ನಾನು ಒಂದು ಮೀನನ್ನೂ ಹಿಡಿಯದೆ ಒಂದು ಪುಣ್ಯಕ್ಷೇತ್ರವನ್ನೇ ಸ್ಥಾಪಿಸಿದ್ದೆ. ಜಾಗ ಬದಲಿಸಬಹುದಿತ್ತು. ಆದರೆ ಆ ಮೀನುಗಳೆದುರು ಅಷ್ಟು ಜನ ನನಗೆ ದಾರಿ ಬಿಟ್ಟು ನಿಂತ ಮೇಲೆ, ಅರ್ಧ ಮೈಲಿ ಆಚೆ ಹೋಗಿ ಅವುಗಳ ದಾಯಾದಿಗಳನ್ನು ಹಿಡಿಯುವ ಮುಖ ನನಗಿರಲಿಲ್ಲ.

ಅಕ್ಕನಿಗೆ ಎಲ್ಲವನ್ನೂ ಒಪ್ಪಿಸಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೈ ತೊಳೆದುಕೊಂಡು, "ನಾಳೆ ನಾನೂ ಬತ್ತೆ" ಎಂದಳು. ಹುಟ್ಟಿದಾರಭ್ಯ ಮೀನು ಕೊಯ್ದ ಕೈ, ಮರುದಿನ ಹೊನ್ನೆಮರದ ಬುಡದಲ್ಲಿ ಮೊದಲ ಬಾರಿಗೆ ಮೀನಿಗೆ ಉಣಿಸಿತು. ಕಣ್ಣು ಮುಚ್ಚಿ ಕೈ ಮುಗಿದಳು. ಕಣ್ಣು ತೆರೆದದ್ದೇ ನನ್ನ ಕಿವಿಯಲ್ಲಿ, "ಆ ಕರೀದು ನಾಲ್ಕು ಕಿಲೋಕ್ಕೆ ಕಮ್ಮಿ ಇಲ್ಲ" ಎಂದಳು.

ಬಸ್ಸಿನಲ್ಲಿ ಕೇಳಿದೆ, "ಎಂತ ಬೇಡ್ಕಂಡೆ ಅಕ್ಕಾ?"

ಅವಳು ಕಿಟಕಿಯಾಚೆ ಶರಾವತಿಯನ್ನು ನೋಡುತ್ತಲೇ ಹೇಳಿದಳು: "ನಮ್ಮ ತಮನ ಕೈಗೆ ಒಂದಾದ್ರೂ ಮೀನು ಬೀಳ್ಲಿ ಅಂತ."

"ಆ ಮೀನುಗಳ ಹತ್ರವೇ?"

"ಮತ್ಯಾರ ಹತ್ರ ಕೇಳೂದು? ಬೀಳಬೇಕಾದ್ದು ಅವೇ ಅಲ್ವಾ?"

ಐವತ್ತು ವರ್ಷ ನಾನು ಅವಳಿಗೆ ಏನನ್ನೂ ಹಿಡಿದು ಕೊಡಲಿಲ್ಲವೆಂದು ಕೊರಗುತ್ತಿದ್ದೆ. ಅವಳ ಕೊರಗೂ ಅದೇ ಇತ್ತು, ಆದರೆ ನನಗಾಗಿ.

ತಂಗೂಸಿ ಬಸಳೆಗೆ ಹೋಯಿತು. ಭಾನುವಾರ ಅಕ್ಕ ಒಣಶೆಟ್ಲಿಯ, ಅಂದರೆ ಒಣಸೀಗಡಿಯ, ಪೊಟ್ಟಣ ತರುತ್ತಾಳೆ, ನಾನು ಬಸಳೆ ಕೊಯ್ದು ಅವಳ ಮುಂದಿಡುತ್ತೇನೆ, ಅವಳು ದಂಟನ್ನು ಕೈಯಲ್ಲಿ ಹಿಡಿದು ತೂಕ ಹೇಳುತ್ತಾಳೆ. ಉಂಡೆಯ ದಾರವನ್ನೆಲ್ಲ ಮಾತ್ರ ನಾನು ಕಟ್ಟಿಲ್ಲ. ಅಕ್ಕನ ಹರಕೆ ಫಲಿಸಿಬಿಟ್ಟರೆ ಬೇಕಾದೀತೆಂದು ಐದು ಮಾರು ಎತ್ತಿಟ್ಟಿದ್ದೇನೆ.